ನಮ್ಮ ಮನೆತನದ ಅಂಗೈ

ನಮ್ಮ ಅಪ್ಪನ ಮನೆಯ ಗಂಡಸರ ಕೈಯಿಂದ ಏಟು ತಿಂದವರು ಅದನ್ನು ಬಹಳ ದಿನ ಮರೆಯುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಅಣ್ಣತಮ್ಮಂದಿರು ಮೂವರೂ ಹಮಾಲರು. ಹಿರಿಯ ದೊಡ್ಡಪ್ಪ, ನಡುವಿನವನು ನಮ್ಮಪ್ಪ, ಕೊನೆಯವನು ಕಾಕಾ. ಮೂವರ ಅಂಗೈಗಳೂ ಹಳದಿಗಟ್ಟಿ, ದಪ್ಪವಾಗಿ, ಒಣಗಿದ ಚಪ್ಪಲಿಯ ಅಟ್ಟೆಯಂತಿದ್ದವು. ಅಂಗಾಲುಗಳೂ ಹಾಗೆಯೇ. ಚಳಿಗಾಲದಲ್ಲಿ ಅವು ಸೀಳು ಬಿಡುತ್ತಿದ್ದವು. ಸೀಳಿನೊಳಗೆ ಮೆಣಸಿನಕಾಯಿಯ ಧೂಳು ಹೊಕ್ಕರೆ ಮೂವರೂ ಅಂಗಳದಲ್ಲಿ ಕುಳಿತು ಔಡಲ ಎಣ್ಣೆ ತಿಕ್ಕಿಕೊಳ್ಳುತ್ತ, ಕಂಡವರನ್ನೆಲ್ಲ ಬೈಯುತ್ತಿದ್ದರು.

‘ಚೀಲ ಹೊತ್ತು ಹೊತ್ತು ಕೈ ಕಲ್ಲಾಗ್ಯಾವು’ ಎಂದು ಓಣಿಯ ಜನ ಅನ್ನುತ್ತಿದ್ದರು. ಅವೇ ಚೀಲಗಳನ್ನು ಹೊರುವ ಬೇರೆ ಹಮಾಲರ ಕೈ ಯಾಕೆ ಹಾಗಿಲ್ಲ ಎಂದು ಯಾರೂ ಕೇಳಿರಲಿಲ್ಲ. ಒಂದು ಚೀಲವನ್ನೂ ಎತ್ತದ ನನ್ನ ಅಂಗೈ ಎರಡನೇ ಇಯತ್ತೆಯಿಂದಲೇ ಯಾಕೆ ಹಳದಿಯಾಗುತ್ತಿದೆ ಎಂದೂ ಕೇಳಿರಲಿಲ್ಲ. ಅಪ್ಪ ಮಾತ್ರ ಒಮ್ಮೆ ನನ್ನ ಕೈಯನ್ನು ತನ್ನ ಕೈಯ ಪಕ್ಕ ಇಟ್ಟು ನೋಡಿ, ‘ನಮ್ಮ ಮನೀ ಮಗಳು ಅನ್ನೂದಕ್ಕ ಇದ ಸಾಕ್ಷಿ’ ಎಂದು ನಕ್ಕಿದ್ದ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ನಾಲ್ಕನೇ ಇಯತ್ತೆ. ಮಾರ್ಕೆಟ್ಟಿಗೆ ಮೆಣಸಿನಕಾಯಿ ಭರ್ತಿ ಬರುವ ಕಾಲದಲ್ಲಿ ಅಪ್ಪನಿಗೆ ರೊಟ್ಟಿ ಇಳಿಯದಂತಾಯಿತು. ಒಂದು ತುತ್ತು ನುಂಗಿ ಎದೆಯ ಮೇಲೆ ಗುದ್ದಿಕೊಳ್ಳುತ್ತಿದ್ದ. ‘ಇಲ್ಲೆ ಸಿಕ್ಕೊಂಡಂಗ ಆಗತೈತಿ’ ಎಂದು ಎದೆಯ ಗುಳಿಯ ಮೇಲೆ ಬೆರಳಿಡುತ್ತಿದ್ದ. ಅವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಳು. ಆಮೇಲೆ ನುಚ್ಚು, ಆಮೇಲೆ ಅಂಬಲಿ. ಬೇಸಿಗೆ ಮುಗಿಯುವ ಹೊತ್ತಿಗೆ ನೀರೂ ತಿರುಗಿ ಬರತೊಡಗಿತು. ಒಂದೊಂದು ಭುಜದ ಮೇಲೆ ಒಂದೊಂದು ಚೀಲ ಇಟ್ಟುಕೊಂಡು ನಡೆಯುತ್ತಿದ್ದ ಮನುಷ್ಯ ಹೊರಸಿನಿಂದ ಎದ್ದು ಹಿತ್ತಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದ.

ಊರ ಡಾಕ್ಟರು ಔಷಧಿ ಬರೆದುಕೊಟ್ಟು, ಇದು ತನ್ನ ಕೈಯಲ್ಲಿಲ್ಲ, ಹುಬ್ಬಳ್ಳಿಗೆ ಕರೆದೊಯ್ಯಿರಿ ಎಂದರು. ದೊಡ್ಡಪ್ಪ ಒಪ್ಪಲಿಲ್ಲ.

‘ಡಾಕ್ಟರಗ ಏನ್ ತಿಳೀತೈತಿ. ಇದು ಬ್ಯಾನಿ ಅಲ್ಲ, ಮದ್ದು. ಯಾರೋ ಹಾಕ್ಯಾರ’ ಎಂದ.

ನಮ್ಮ ಕಡೆ ಆಗ ಇದನ್ನು ನಂಬದವರು ಕಡಿಮೆ. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ತಿನ್ನಿಸುತ್ತಾರೆ, ಅದು ಒಳಗೆ ಕುಳಿತು ಬೆಳೆಯುತ್ತದೆ, ಅನ್ನ ಇಳಿಯಗೊಡುವುದಿಲ್ಲ, ಮನುಷ್ಯ ಬತ್ತಿ ಸಾಯುತ್ತಾನೆ ಎಂದು. ಅದನ್ನು ತೆಗೆಯುವವರೂ ಇದ್ದರು. ಎಂಥದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬಿದ್ದದ್ದನ್ನು ತೋರಿಸುತ್ತಿದ್ದರು. ವರದಾ ಹೊಳೆಯ ಆಚೆಯ ಒಂದು ಹಳ್ಳಿಯಲ್ಲಿ ಅಂಥವನೊಬ್ಬನಿದ್ದ. ದೊಡ್ಡಪ್ಪ ಮತ್ತು ಕಾಕಾ ಅಪ್ಪನನ್ನು ಅಲ್ಲಿಗೆ ಒಯ್ದರು.

ಸಂಜೆ ತಿರುಗಿ ಬಂದಾಗ ಅಪ್ಪನ ಅಂಗಿಯ ಮುಂಭಾಗವೆಲ್ಲ ರಕ್ತ. ಕಾಕಾ ಅವನನ್ನು ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದ. ಅಲ್ಲಿ ನಡೆದದ್ದನ್ನು ಕಾಕಾ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ. ಇಬ್ಬರು ಅಪ್ಪನ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದರಂತೆ. ಆ ಮನುಷ್ಯ ರಸವನ್ನು ಸುರಿದು, ಅದು ಇಳಿಯದೆ ಉಕ್ಕಿದಾಗ ಎದೆಯ ಮೇಲೆ ಮೊಣಕಾಲು ಊರಿ ಒತ್ತಿದನಂತೆ. ರಕ್ತದ ಜತೆ ಒಂದು ಕಪ್ಪು ಗಡ್ಡೆ ಬಿತ್ತು. ಅದನ್ನು ಕಡ್ಡಿಯಿಂದ ಎತ್ತಿ ತೋರಿಸಿ, ‘ಮನಿಯಾಗಿನ ಹೆಣ್ಣಿನ ಕೈಯಿಂದ ಬಿದ್ದೈತಿ’ ಎಂದನಂತೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡಪ್ಪ ಚಪ್ಪಲಿ ಕಳಚದೆ ಒಳಗೆ ಬಂದು ಅವಳ ತುರುಬಿಗೆ ಕೈ ಹಾಕಿದ. ಅವಳ ಕೈಗಳೆರಡೂ ಹಿಟ್ಟಾಗಿದ್ದವು. ಅದೇ ಕೈಯಲ್ಲಿ ಅವಳು ಬಾಗಿಲ ಚೌಕಟ್ಟನ್ನು ಹಿಡಿದಳು. ದೊಡ್ಡಪ್ಪ ಜಗ್ಗಿದಾಗ ಚೌಕಟ್ಟಿನ ಮೇಲೆ ಹಿಟ್ಟಿನ ಗೆರೆ ಉಳಿಯಿತು.

‘ಏನ್ ಹಾಕೀದಿ ಹೇಳು.’

‘ಏನೂ ಹಾಕಿಲ್ರಿ ಭಾವಾರ.’

ಅವನು ಹೊಡೆದ. ಆ ಸಪ್ಪಳ ಬರಿಗೈಯದೆಂದು ಯಾರೂ ನಂಬುತ್ತಿರಲಿಲ್ಲ. ಎರಡನೆಯ ಏಟಿಗೆ ಅವ್ವನ ಕಿವಿಯಿಂದ ರಕ್ತ ಬಂತು. ಅವಳು ಅದೇ ಮಾತು ಹೇಳಿದಳು. ಆಗ ಅವನು ಅವಳನ್ನು ಹಿತ್ತಲ ಕಟ್ಟಿಗೆ ಕೋಣೆಗೆ ದೂಡಿ, ಕೆಂಡದ ಬುಟ್ಟಿಯಲ್ಲಿ ಒಂದು ಬೊಗಸೆ ಮೆಣಸಿನಕಾಯಿ ಸುರಿದು ಒಳಗಿಟ್ಟ. ದೊಡ್ಡವ್ವ, ಅಂದರೆ ಅವನ ಹೆಂಡತಿ, ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

ನಮ್ಮ ಊರಿನ ಹುಡುಗರಿಗೆ ಮೆಣಸಿನಕಾಯಿಯ ಘಾಟು ಹೊಸದಲ್ಲ. ಆದರೆ ಆ ಹೊಗೆ ಬಾಗಿಲ ಸಂದಿಯಿಂದ ಹೊರಬಂದಾಗ ಅಂಗಳದಲ್ಲಿದ್ದ ನನಗೆ ಉಸಿರು ನಿಂತಿತು. ನೆರೆಮನೆಯವರು ಕೆಮ್ಮುತ್ತ ಹೊರಗೆ ಬಂದರು, ನೋಡಿದರು, ಒಳಗೆ ಹೋದರು. ಅವ್ವ ಮೊದಲು ಕೂಗಿದಳು. ಆಮೇಲೆ ಬರೀ ಬಾಗಿಲು ಬಡಿಯುವ ಸಪ್ಪಳ. ನಾನು ಪಡಸಾಲೆಗೆ ಓಡಿ ‘ಅಪ್ಪಾ, ಅವ್ವನ್ನ ಬಿಡಸು’ ಎಂದೆ. ಅಪ್ಪ ಎದ್ದು ಕುಳಿತಿದ್ದ. ಹಿತ್ತಲ ಕಡೆ ನೋಡಿದ. ಏಳಲಿಲ್ಲ, ಮಾತಾಡಲೂ ಇಲ್ಲ. ಮೂಲೆಯಲ್ಲಿ ಆಯಿ, ಅಪ್ಪನ ತಾಯಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಕುಳಿತಿದ್ದಳು.

ನಾನು ಹಿತ್ತಲಿಗೆ ಓಡಿ ದೊಡ್ಡಪ್ಪನ ಕೈ ಕಚ್ಚಿದೆ. ಅಂಗೈಯನ್ನು. ನನ್ನ ಹಲ್ಲು ನೆಡಲಿಲ್ಲ. ಅವನು ಕೈ ಕೊಡವಿದ ರಭಸಕ್ಕೆ ನಾನು ಒಗೆಯುವ ಕಲ್ಲಿನ ಮೇಲೆ ಬಿದ್ದೆ. ಹಣೆ ಒಡೆಯಿತು. ನನ್ನ ರಕ್ತ ನೋಡಿ ಕಾಕಾ, ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದವನು, ದೊಡ್ಡವ್ವನನ್ನು ಪಕ್ಕಕ್ಕೆ ನೂಕಿ ಚಿಲಕ ತೆಗೆದ.

ಅವ್ವ ಕೈ ಮೊಣಕಾಲು ಊರಿ ತೆವಳುತ್ತ ಹೊರಬಂದಳು. ಕಣ್ಣು ಮುಚ್ಚಿಹೋಗಿದ್ದವು. ಬಾಗಿಲು ಬಡಿದು ಬಡಿದು ಬಲಗೈಯ ಮಣಿಕಟ್ಟು ಮುರಿದಿತ್ತು. ಅದು ಮುಂದೆ ಎಂದೂ ನೆಟ್ಟಗಾಗಲಿಲ್ಲ. ನೆಲದ ಮೇಲೆ ಹಣೆ ಇಟ್ಟು, ‘ನಾ ಏನೂ ಹಾಕಿಲ್ಲ’ ಎಂದಳು.

ಎಲ್ಲರೂ ಹೊರಗೆ ಹೋದ ಮೇಲೆ ಅಪ್ಪ ಅವಳನ್ನು ಹತ್ತಿರ ಕರೆದು, ‘ನನ್ನ ಮುಂದರ ಖರೇ ಹೇಳು. ಏನರ ಹಾಕೀದಿಯೇನು?’ ಎಂದು ಕೇಳಿದ. ದೊಡ್ಡಪ್ಪನ ಹೊಡೆತಕ್ಕೆ ಅಳದ ಅವ್ವ ಆಗ ಅತ್ತಳು. ಮರುದಿನದಿಂದ ಅವನಿಗೆ ಗಂಜಿ ಕೊಡುವಾಗಲೆಲ್ಲ ಅವನ ಕಣ್ಣೆದುರಿಗೇ ಮೊದಲ ಗುಟುಕು ತಾನು ಕುಡಿದು ತೋರಿಸುತ್ತಿದ್ದಳು. ಅಪ್ಪ ಬೇಡವೆನ್ನಲಿಲ್ಲ. ಆ ಒಂದು ವಿಷಯಕ್ಕೆ ನಾನು ಅಪ್ಪನನ್ನು ಕ್ಷಮಿಸಲು ಬಹಳ ಕಷ್ಟಪಟ್ಟಿದ್ದೇನೆ. ಪೂರ್ತಿ ಆಗಿದೆಯೆಂದು ಹೇಳಲಾರೆ.

ಮಳೆ ಹಿಡಿಯುವ ಮೊದಲೇ ಅಪ್ಪ ಸತ್ತ. ಹೆಣ ಎತ್ತುವ ಮುಂಚೆ ದೊಡ್ಡಪ್ಪ ಅವ್ವನನ್ನು ಎಳೆತಂದು, ‘ಕಾಲು ಮುಟ್ಟಿ ಒಪ್ಪಿಕೋ’ ಎಂದ. ಅವ್ವ ಹೆಣದ ಕಾಲು ಮುಟ್ಟಿದಳು. ‘ಇವರ ಆಣಿಗೂ ನಾ ಹಾಕಿಲ್ಲ’ ಎಂದಳು. ಅವನು ಅವಳ ಪಕ್ಕೆಗೆ ಒದ್ದ. ಅಷ್ಟು ಹೊತ್ತಿಗೆ ರಾಣೆಬೆನ್ನೂರಿನಿಂದ ಮಾಮಾ, ಅವ್ವನ ತಮ್ಮ, ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಆಟೋ ಓಡಿಸುವ ಸಣಕಲು ಮನುಷ್ಯ. ಅಂಗಳದಲ್ಲಿ ನೆಟ್ಟಿದ್ದ ದನ ಕಟ್ಟುವ ಗೂಟ ಕಿತ್ತುಕೊಂಡು ಬಂದು ದೊಡ್ಡಪ್ಪನ ಹೆಗಲಿಗೆ ಹೊಡೆದ. ಆಮೇಲೆ ಯಾರು ಯಾರನ್ನು ಹೊಡೆದರೋ ತಿಳಿಯದು. ಬಂಧುಬಳಗವೆಲ್ಲ ಸೇರಿತು. ಯಾರದೋ ಕಾಲು ತಾಗಿ ಚಟ್ಟ ಹೊರಳಿತು. ಅಪ್ಪನ ದೇಹ ಪಕ್ಕಕ್ಕೆ ಜಾರಿ, ಒಂದು ಕೈ ಮಣ್ಣಿನ ಮೇಲೆ ಬಿತ್ತು. ಅದನ್ನು ಕಂಡು ಎಲ್ಲರೂ ನಿಂತರು. ಯಾರೂ ಒಬ್ಬರ ಮುಖ ಒಬ್ಬರು ನೋಡದೆ ಹೆಣವನ್ನು ಸರಿಮಾಡಿ ಎತ್ತಿದರು.

ಅಂದು ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ನಾವು ಬ್ಯಾಡಗಿ ಬಿಟ್ಟೆವು.

ರಾಣೆಬೆನ್ನೂರಿನಲ್ಲಿ ಅವ್ವ ಬೀಜದ ಕಂಪನಿಗಳ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗತೊಡಗಿದಳು. ಹತ್ತಿಯ ಮೊಗ್ಗಿನ ಸಿಪ್ಪೆ ಸುಲಿದು, ಗಂಡು ಭಾಗ ತೆಗೆದು, ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸುವ ನಾಜೂಕಿನ ಕೆಲಸ. ಸೊಟ್ಟಗಾದ ಮಣಿಕಟ್ಟಿನಿಂದ ಅದು ಕಷ್ಟ. ಎಡಗೈಯಲ್ಲಿ ಕಲಿತಳು. ಆದರೆ ಬ್ಯಾಡಗಿಯ ಮಾತು ನಮಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು. ಹೊಲದಲ್ಲಿ ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚಿದಾಗ ಅವ್ವನ ಪಲ್ಯವನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಮನೆಗೆ ಬಂದವರು ನೀರು ಬೇಡವೆನ್ನುತ್ತಿದ್ದರು.

ನನಗೆ ಸಾಲೆಯಲ್ಲಿ ಬೇರೆ ಕಷ್ಟ. ಫುಗಡಿ ಆಡಲು ಹುಡುಗಿಯರು ನನ್ನ ಕೈ ಹಿಡಿಯುತ್ತಿರಲಿಲ್ಲ. ಗಣಿತದ ಮಾಸ್ತರರು ಅಂಗೈ ಮೇಲೆ ಹೊಡೆದರೆ ನನಗೆ ನೋಯುತ್ತಿರಲಿಲ್ಲ. ನಾನು ಸುಮ್ಮನೆ ನಿಂತಿರುತ್ತಿದ್ದೆ. ಅವರಿಗೆ ಅದು ಸೊಕ್ಕಾಗಿ ಕಂಡಿತು. ಒಂದು ದಿನ ಛಡಿ ಮುರಿಯುವವರೆಗೂ ಹೊಡೆದು, ಅಷ್ಟಾದರೂ ನನ್ನ ಕಣ್ಣಲ್ಲಿ ನೀರು ಬಾರದಿದ್ದಾಗ ಕೈ ತಿರುಗಿಸಿ ಗೆಣ್ಣಿನ ಮೇಲೆ ಮುರಿದ ತುಂಡಿನಿಂದ ಬಾರಿಸಿದರು. ಆಗ ಚೀರಿದೆ. ಅವರಿಗೆ ಸಮಾಧಾನವಾಯಿತು.

ಹೀಗೇ ವರ್ಷಗಳು ಹೋದವು. ನಾನು ಕಾಲೇಜಿಗೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಬಾಗಿಲು ಸಪ್ಪಳವಾಯಿತು. ತೆರೆದರೆ ದೊಡ್ಡವ್ವ. ತಲೆಗೆ ಸುತ್ತಿದ ಸೆರಗು ರಕ್ತದಲ್ಲಿ ತೊಯ್ದು ಕೂದಲಿಗೆ ಅಂಟಿತ್ತು. ಒಂದು ಕಣ್ಣು ತೆರೆಯುತ್ತಿರಲಿಲ್ಲ. ಅವ್ವ ನನ್ನ ಹಿಂದಿನಿಂದ ಬಂದು ನೋಡಿದಳು.

‘ಅವರಿಗೂ ಅದ ಬ್ಯಾನಿ ಬಂದೈತಿ’ ಎಂದಳು ದೊಡ್ಡವ್ವ. ‘ರೊಟ್ಟಿ ಇಳಿಯಾಕಿಲ್ಲ. ನಾನ ಮದ್ದು ಹಾಕೇನಂತ ಒನಕಿ ತಗೊಂಡು ಹೊಡದ್ರು. ನನಗ ಎಲ್ಲಿ ಹೋಗಬೇಕು ತಿಳೀಲಿಲ್ಲ.’

ಅವ್ವ ಅವಳ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ದೊಡ್ಡವ್ವ ಕೈ ಅಡ್ಡ ತರಲಿಲ್ಲ. ಅವ್ವನ ಉಸಿರು ಏರಿತ್ತು. ಆಮೇಲೆ ಅವ್ವ, ‘ಒಳಗ ಬಾ. ಬಿಸಲಾಗ ನಿಂತ್ರ ರಕ್ತ ನಿಲ್ಲೂದಿಲ್ಲ’ ಎಂದಳು.

ತಲೆಗೆ ಹೊಲಿಗೆ ಹಾಕಿಸಿ ತಂದ ಮೇಲೆ ಅವ್ವ ಮಾಮಾನಿಗೆ, ದೊಡ್ಡಪ್ಪನನ್ನು ಹುಬ್ಬಳ್ಳಿಗೆ ಒಯ್ಯಬೇಕು ಎಂದಳು. ಮಾಮಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಗೋಡೆಗೆ ಎಸೆದ.

‘ನಿನಗ ತಲಿ ಸರಿ ಐತೇನು? ಸಾಯ್ಲಿ ಬಿಡು ಅಂವಾ.’

‘ಸಾಯ್ಲಿ. ಆದ್ರ ಎದರಿಂದ ಸತ್ತ ಅನ್ನೂದು ಗೊತ್ತಾಗ್ಬೇಕು. ಇಕಿನ್ನ ಮದ್ದು ಹಾಕಿದಾಕಿ ಮಗಳು ಅಂತ ಕರೀತಾರ. ನನ್ನ ಹೆಸರು ಇಕಿ ಮ್ಯಾಲ ಬೀಳೂದು ಬ್ಯಾಡ.’

ನಾವು ಬ್ಯಾಡಗಿಗೆ ಹೋದಾಗ ದೊಡ್ಡಪ್ಪ ಅಪ್ಪನ ಅದೇ ಹೊರಸಿನ ಮೇಲಿದ್ದ. ಎಲುಬುಗೂಡಾಗಿದ್ದರೂ ಹೊಸ್ತಿಲು ದಾಟಿದ ಅವ್ವನನ್ನು ಕಂಡು ತಲೆದಿಂಬಿನ ಕೆಳಗಿನಿಂದ ಕುಡಗೋಲು ತೆಗೆದು ಬೀಸಿದ. ಅದು ಮಾಮಾನ ಮೊಣಕೈ ಸವರಿ ಹೋಯಿತು. ಕಾಕಾ ಅಣ್ಣನ ಮೇಲೆ ಬಿದ್ದು ಕುಡಗೋಲು ಕಸಿದುಕೊಂಡ. ಕಾಕಾನಿಗೆ ಅಷ್ಟರಲ್ಲಿ ಮದುವೆಯಾಗಿ ಸಣ್ಣ ಮಗನಿದ್ದ. ತನಗೂ ಬಂದೀತೆಂಬ ಭಯ ಅವನಿಗೆ ಹೊಕ್ಕಿತ್ತು. ಕೊನೆಗೆ ಚೀಲ ಹೊಲಿಯುವ ಸುತಳಿಯಿಂದ ದೊಡ್ಡಪ್ಪನ ಕೈಗಳನ್ನು ಕಟ್ಟಿ ಟೆಂಪೊದಲ್ಲಿ ಕೂರಿಸಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಹಾವೇರಿ ದಾಟುವವರೆಗೂ ಅವನು ಅವ್ವನನ್ನು ಬೈಯುತ್ತಿದ್ದ. ಆಮೇಲೆ ಧ್ವನಿ ಸೋತಿತು.

ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರು ಗಂಟಲಿನೊಳಗೆ ದೀಪದ ನಳಿಗೆ ಇಳಿಸಿ ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದ ಕ್ಯಾನ್ಸರ್, ಮಿತಿಮೀರಿ ಹೋಗಿದೆ ಎಂದರು. ಅದನ್ನು ನಾವು ಅರ್ಧ ಊಹಿಸಿದ್ದೆವು. ಆದರೆ ಅವರು ದೊಡ್ಡಪ್ಪನ ಕೈ ಹಿಡಿದು ಹೊರಳಿಸಿ ನೋಡಿದರು. ಕಾಲಿನ ಮೇಲಿನ ಚಾದರ ಸರಿಸಿ ಅಂಗಾಲು ನೋಡಿದರು. ಪಕ್ಕದಲ್ಲಿ ನಿಂತ ಕಾಕಾನಿಗೆ, ‘ನಿಮ್ಮ ಕೈ ತೋರಸ್ರಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕೈಗಳನ್ನು ದಾವಣಿಯೊಳಗೆ ಸೇರಿಸಿಕೊಂಡಿದ್ದೆ.

‘ತೋರಸವ್ವಾ. ಹೆದರಬ್ಯಾಡ.’

ತೋರಿಸಿದೆ. ಅವರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನನ್ನ ಬಾಯಿ ತೆರೆಸಿ ಕೆನ್ನೆಯ ಒಳಬದಿ ನೋಡಿದರು. ಎಷ್ಟನೇ ವಯಸ್ಸಿಗೆ ಶುರುವಾಯಿತು ಎಂದು ಕೇಳಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕುಳಿತರು.

‘ಇದು ಚೀಲ ಹೊತ್ತು ಬಂದದ್ದಲ್ಲ’ ಎಂದರು. ‘ಹುಟ್ಟುವಾಗಲೇ ರಕ್ತದಾಗ ಬಂದದ್ದು. ನೂರಾರು ಪುಸ್ತಕ ಓದಿದ ಡಾಕ್ಟರಿಗೂ ಇಂಥಾ ಮನೆತನ ಜೀವಮಾನದಾಗ ಒಂದು ಸಿಕ್ಕರ ಹೆಚ್ಚು. ಅಂಗೈ, ಅಂಗಾಲು ದಪ್ಪ ಆಗತಾವು. ಅದ ದೋಷ ಅನ್ನನಾಳದ ಒಳಗಿನ ಪದರಕ್ಕೂ ಇರತದ. ನಡುವಯಸ್ಸಿಗೆ ಬಂದ ಮ್ಯಾಲ ಅಲ್ಲಿ ಕ್ಯಾನ್ಸರ್ ಬರುವ ಸಂಭವ ಭಾಳ. ತಂದಿ ತಾಯಿ ಇಬ್ಬರೊಳಗ ಒಬ್ಬರಿಂದ ಬಂದ್ರ ಸಾಕು. ಒಂದೊಂದು ಮಗುವಿಗೂ ಅರ್ಧಕ್ಕ ಅರ್ಧ.’

ಕಾಕಾ ಕೇಳಿದ: ‘ಬ್ಯಾರೇವ್ರಿಗೂ ಗಂಟಲಿಗಿ ಬರತೈತಲ್ರೀ. ಅವರ ಕೈ ಹಿಂಗಿರೂದಿಲ್ಲ.’

‘ಬರತದ. ಎಲ್ಲಾರ ರಕ್ತದಾಗೂ ಸಣ್ಣಸಣ್ಣ ಫರಕು ಇರತಾವು. ಒಬ್ಬನ ಮೈ ತಂಬಾಕಿನ ವಿಷ, ಸಾರಾಯಿ ವಿಷ ಲಗೂ ತೊಳದು ಹಾಕತದ. ಇನ್ನೊಬ್ಬಂದು ಹಾಕೂದಿಲ್ಲ. ಅದಕ್ಕ ಇಬ್ಬರು ಕೂಡಿ ಬೀಡಿ ಸೇದಿದ್ರ ಒಬ್ಬನಿಗೆ ಬರತದ, ಒಬ್ಬನಿಗೆ ಬರೂದಿಲ್ಲ. ಅಂಥಾ ಫರಕು ಒಂದೀಟು ಹೆಚ್ಚುಕಡಿಮಿ ಮಾಡತಾವು. ನಿಮ್ಮದು ಒಂದ ದೊಡ್ಡ ದೋಷ. ಅದರ ಮ್ಯಾಲ ತಂಬಾಕು, ಸಾರಾಯಿ ಬಿದ್ರ ಬೆಂಕಿಗೆ ಎಣ್ಣಿ ಸುರಿದಂಗ.’

ಆ ದೋಷ ಯಾವ ವಂಶವಾಹಿಯಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದಾರೆ ಎಂದೂ ಹೇಳಿದರು. ಅವ್ವನಿಗೆ ಅದು ಬೇಕಿರಲಿಲ್ಲ.

‘ಸಾಹೇಬ್ರ, ಇದು ಊಟದಾಗ ಏನರ ಹಾಕಿದ್ರ ಬರತೈತೇನ್ರಿ?’

‘ಇಲ್ಲವಾ. ಯಾರೂ ಹಾಕಿದ್ದಲ್ಲ.’

‘ಅದನ್ನ ಇವರ ಕಡೆ ಮುಖ ಮಾಡಿ ಇನ್ನೊಮ್ಮೆ ಹೇಳ್ರಿ.’

ಡಾಕ್ಟರು ಒಂದು ಕ್ಷಣ ಅವಳ ಸೊಟ್ಟ ಮಣಿಕಟ್ಟನ್ನು ನೋಡಿದರು. ದೊಡ್ಡಪ್ಪನ ಕಡೆ ತಿರುಗಿ, ಗಟ್ಟಿಯಾಗಿ, ಅದೇ ಮಾತು ಹೇಳಿದರು. ದೊಡ್ಡಪ್ಪ ಕೇಳಿಸಿಕೊಂಡ. ಅವನ ಕಣ್ಣುಗಳಲ್ಲಿ ಏನೋ ಅಲುಗಿದ್ದನ್ನು ನಾನು ಕಂಡೆ. ಮರುಕ್ಷಣ ಮಗ್ಗುಲಿನ ಸ್ಟೀಲ್ ತಂಬಿಗೆಯನ್ನು ಎತ್ತಿ ಅವ್ವನ ಮುಖಕ್ಕೆ ಎಸೆದ. ಹುಬ್ಬು ಸೀಳಿತು. ‘ಹಾಕ್ಯಾಳ. ಇಕಿನ ಹಾಕ್ಯಾಳ’ ಎಂದ, ಗೊಗ್ಗರು ದನಿಯಲ್ಲಿ. ಅವ್ವ ರಕ್ತ ಒರೆಸಿಕೊಳ್ಳಲಿಲ್ಲ. ತಂಬಿಗೆ ಹೆಕ್ಕಿ ಅವನ ಎದೆಗೆ ತಿರುಗಿ ಎಸೆದಳು. ನರ್ಸು ಓಡಿಬಂದು ನಮ್ಮನ್ನೆಲ್ಲ ಹೊರಗೆ ಹಾಕಿದಳು.

ಅವನು ಆ ವರ್ಷವೇ ಸತ್ತ. ಕೊನೆಯವರೆಗೂ ಅದನ್ನೇ ಹೇಳಿದ. ದೊಡ್ಡವ್ವ ಮಣ್ಣಿಗೆ ಹೋಗಿ ಬಂದು ನಮ್ಮ ಮನೆಯಲ್ಲಿಯೇ ಉಳಿದಳು.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿ ಕಳಿಸಿದ್ದರು. ಅಜ್ಜ ಏನಾಗಿ ಸತ್ತ? ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಎತ್ತು ತಿವಿದು ಸತ್ತನೆಂದು. ಆಯಿ ಆಗ ಗಳಗನಾಥದ ಹತ್ತಿರದ ತನ್ನ ತವರೂರಿನಲ್ಲಿ, ತಮ್ಮನ ಮನೆಯಲ್ಲಿದ್ದಳು. ಅವ್ವ ಮತ್ತು ನಾನು ಹೋದೆವು. ಆಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಇಬ್ಬರು ಮಕ್ಕಳನ್ನು ಕಳಕೊಂಡ ಮುದುಕಿ. ಅವ್ವ ಎದುರಿಗೆ ಕುಳಿತು ಕೇಳಿದಳು. ಆಯಿ ಬಹಳ ಹೊತ್ತು ಸುಲಿಯುತ್ತಲೇ ಇದ್ದಳು.

‘ಎತ್ತು ತಿವೀಲಿಲ್ಲ’ ಎಂದಳು ಕೊನೆಗೆ. ‘ಅನ್ನ ಇಳೀಲಿಲ್ಲ. ಅವರಪ್ಪಗೂ ಹಂಗ ಆಗಿತ್ತಂತ. ಅಂವಾ ಹಸಿವಿ ತಡೀಲಾರದ ಬಾವಿಗಿ ಹಾರಿದ್ನಂತ. ಇಬ್ಬರ ಕೈಯೂ ಹಿಂಗ ಇದ್ದವು.’

‘ನಿಮಗ ಗೊತ್ತಿತ್ತೇನ್ರಿ ಅತ್ತಿ? ಅವತ್ತು ನನಗ ಹೊಗಿ ಹಾಕಿದಾಗ ಗೊತ್ತಿತ್ತೇನು?’

‘ಗೊತ್ತಿತ್ತು. ಹೇಳಿದ್ರ ಮನಿತನಕ್ಕ ರೋಗ ಐತಿ ಅಂತ ಊರಿಗೆಲ್ಲಾ ಗೊತ್ತಾಗತಿತ್ತು. ಸಣ್ಣಾವಗ ಹೆಣ್ಣು ಯಾರು ಕೊಡತಿದ್ರು?’

ಅವ್ವ ಎದ್ದು ಆಯಿಯ ಕುತ್ತಿಗೆಗೆ ಕೈ ಹಾಕಿದಳು. ಹೇಗೆ ಹಾಕಿದಳೋ ನನಗೆ ಕಾಣಲೇ ಇಲ್ಲ. ಮೊರ ಉರುಳಿ ಶೇಂಗಾ ಚೆಲ್ಲಿತು. ನಾನು ಹಿಂದಿನಿಂದ ಅವ್ವನ ಸೊಂಟ ಹಿಡಿದು ಎಳೆದೆ. ಆಯಿ ಬಿಡಿಸಿಕೊಳ್ಳಲಿಲ್ಲ. ಕಣ್ಣು ತೆರೆದೇ ಇದ್ದಳು. ಬೆರಳು ಸಡಿಲಾದಾಗ ಕೆಮ್ಮುತ್ತ, ‘ಒತ್ತು. ನಿನ್ನ ಕೈಯಾಗ ಸತ್ರ ಬೇಸಿ’ ಎಂದಳು.

ಅವ್ವ ಕೈ ಬಿಟ್ಟು ಹೊಳೆಯ ಕಡೆಗೆ ನಡೆದುಹೋದಳು. ಎರಡು ಹೊಳೆಗಳು ಕೂಡುವಲ್ಲಿ, ಗುಡಿಯ ಮೆಟ್ಟಿಲ ಮೇಲೆ ಅವಳು ಸಿಕ್ಕಳು. ಬಸ್ಸಿನ ಹೊತ್ತಾಗುವವರೆಗೂ ಅಲ್ಲಿಯೇ ಕುಳಿತಿದ್ದಳು.

ಈ ವಿಷಯವನ್ನು ಕಾಕಾನಿಗೆ ನಾನೇ ಹೇಳಿದೆ. ಅವನು ಹೂಂಗುಟ್ಟಿ ಹೋದ. ಕೆಲವು ದಿನಗಳ ಮೇಲೆ ಅವನ ಹೆಂಡತಿ ಹೇಳಿಕಳಿಸಿದಳು. ಅವ್ವ, ದೊಡ್ಡವ್ವ, ನಾನು ಹೋದಾಗ ಕಾಕಾ ಬಚ್ಚಲಿನಲ್ಲಿ ಕುಳಿತಿದ್ದ. ಕ್ಷೌರದ ಕತ್ತಿಯಿಂದ ಎಡ ಅಂಗೈಯ ಚರ್ಮವನ್ನು ಪದರ ಪದರವಾಗಿ ಹೆರೆದುಹಾಕಿದ್ದ. ಹಳದಿ ಚೂರುಗಳು ನೀರಿನಲ್ಲಿ ತೇಲುತ್ತಿದ್ದವು. ಕೆಳಗೆ ಕೆಂಪು ಮಾಂಸ ಕಾಣುತ್ತಿತ್ತು. ‘ಈ ತೊಗಲು ಹೋದ್ರ ಅದೂ ಹೋಗತೈತಿ’ ಎಂದ. ಕತ್ತಿ ಕಸಿದುಕೊಳ್ಳುವಾಗ ದೊಡ್ಡವ್ವನ ಬೆರಳೂ ಕೊಯ್ದಿತು. ಗಾಯ ಕೀವಾಗಿ ಅವನು ಬಹಳ ದಿನ ಜ್ವರದಲ್ಲಿ ಮಲಗಿದ. ಮಾಗಿದಾಗ ಅಂಗೈ ಮೊದಲಿನಷ್ಟೇ ದಪ್ಪವಾಗಿ ಬೆಳೆದಿತ್ತು.

ಆದರೆ ಆಮೇಲೆ ಅವನು ತಂಬಾಕು ಬಿಟ್ಟ, ಸಾರಾಯಿ ಬಿಟ್ಟ. ವರ್ಷಕ್ಕೊಮ್ಮೆ ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿ ನಳಿಗೆ ನುಂಗಿ ಬರತೊಡಗಿದೆವು. ಅದನ್ನು ನುಂಗುವಾಗಿನ ಓಕರಿಕೆ, ಉಸಿರುಗಟ್ಟುವ ಭಯ ಇವತ್ತಿಗೂ ಅಭ್ಯಾಸವಾಗಿಲ್ಲ. ಮೊದಲ ಸಲ ನಾನು ಡಾಕ್ಟರ ಕೈಗೆ ಹೊಡೆದಿದ್ದೆ.

ಈ ನಡುವೆ ನನ್ನನ್ನು ನೋಡಲು ಹಾವೇರಿಯಿಂದ ಒಂದು ಕಡೆಯವರು ಬಂದರು. ಕೈ ಸೆರಗಿನೊಳಗೆ ಇರಲಿ, ಯಾರಾದರೂ ಕೇಳಿದರೆ ಹೊಲದ ಕೆಲಸದಿಂದ ಹಾಗಾಗಿದೆ ಅನ್ನು ಎಂದು ಮಾಮಾ ಮೊದಲೇ ಹೇಳಿದ್ದ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಒಳ್ಳೆಯವನಂತೆ ಕಂಡ. ಅವನ ತಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳೆಯ ಅಳತೆ ನೋಡಲು ಕೈ ಹಿಡಿದಳು. ಹಿಡಿದವಳು ಬಿಟ್ಟಳು.

‘ಇದೇನವಾ ಕೈ ಹಿಂಗ?’

ಆಯಿಯ ಮುಖ ನೆನಪಾಯಿತು. ನಾನು ಎರಡೂ ಅಂಗೈ ಚಾಚಿ ಎಲ್ಲ ಹೇಳಿದೆ. ಅಪ್ಪ, ದೊಡ್ಡಪ್ಪ, ಅಜ್ಜ, ಅಜ್ಜನ ಅಪ್ಪ. ನನಗೆ ಬರಬಹುದು, ನನ್ನ ಮಕ್ಕಳಿಗೂ ಬರಬಹುದು. ಹೇಳಿ ಮುಗಿಯುವ ಮೊದಲೇ ಮಾಮಾನ ಏಟು ಬಿತ್ತು. ಅಷ್ಟು ಜನರ ಎದುರಿಗೆ. ಎರಡನೆಯದಕ್ಕೆ ಕೈ ಎತ್ತಿದಾಗ ದೊಡ್ಡವ್ವ ಅಡುಗೆಮನೆಯಿಂದ ಬಂದು ಆ ಕೈಯನ್ನು ಹಿಡಿದು ಹಿಂದಕ್ಕೆ ತಿರುಚಿದಳು. ಮಾಮಾ ನೋವಿಗೆ ಬಾಗಿದ.

‘ಮುಚ್ಚಿಟ್ಟಿದ್ದಕ್ಕ ನನ್ನ ತಲಿ ಒಡದೈತಿ, ನಿನ್ನ ಅಕ್ಕನ ಕೈ ಮುರದೈತಿ. ಇನ್ನ ಯಾರ್ದು ಮುರೀಬೇಕಂತಿ?’ ಎಂದಳು.

ಬಂದವರು ಚಹಾ ಅಲ್ಲಿಯೇ ಬಿಟ್ಟು ಎದ್ದರು. ಮಾಮಾ ಒಂದು ತಿಂಗಳು ನಮ್ಮ ಮನೆಯ ಕಡೆ ಹಾಯಲಿಲ್ಲ. ನನಗೆ ಬಹಳ ದುಃಖವಾಯಿತು. ಹುಡುಗ ಹೊರಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದ್ದ. ಆಮೇಲೆ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆಯ ಕೆಲಸ ಸಿಕ್ಕಿತು. ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ತೊಂಬತ್ತರ ದಶಕದ ಕೊನೆಯ ಕಡೆಗೆ ಒಂದು ವರ್ಷದ ಪರೀಕ್ಷೆಯಲ್ಲಿ ಕಾಕಾನ ಅನ್ನನಾಳದಲ್ಲಿ ಕಾಳಿನಷ್ಟು ಏನೋ ಕಂಡಿತು. ಅವನಿಗೆ ಆಗ ಅನ್ನ, ರೊಟ್ಟಿ ಎಲ್ಲ ಇಳಿಯುತ್ತಿತ್ತು. ಒಂದಿಷ್ಟೂ ನೋವಿರಲಿಲ್ಲ. ಎದೆ ಸೀಳಿ, ಅನ್ನನಾಳದ ಆ ಭಾಗವನ್ನು ತೆಗೆದು, ಹೊಟ್ಟೆಯನ್ನು ಮೇಲಕ್ಕೆಳೆದು ಜೋಡಿಸಿದರು. ಎಚ್ಚರವಾದಾಗ ಅವನು ಮೈತುಂಬ ಇದ್ದ ನಳಿಗೆಗಳನ್ನು ಕಿತ್ತುಕೊಳ್ಳಲು ಹೋಗಿ, ನಾನೂ ಅವನ ಹೆಂಡತಿಯೂ ಕೈ ಒತ್ತಿ ಹಿಡಿಯಬೇಕಾಯಿತು. ಆದರೆ ಬದುಕಿದ. ನಮ್ಮ ಮನೆತನದಲ್ಲಿ ಈ ರೋಗ ಬಂದು ಬದುಕಿದವನು ಅವನೊಬ್ಬನೇ. ಈಗ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರೇಳು ಸಲ ತಿನ್ನುತ್ತಾನೆ. ಚೀಲ ಹೊರುವುದಿಲ್ಲ, ತಕ್ಕಡಿಯ ಹತ್ತಿರ ನಿಲ್ಲುತ್ತಾನೆ.

ಮುಂದಿನ ವರ್ಷ ಮೆಣಸಿನಕಾಯಿ ಬರುವ ಕಾಲದಲ್ಲಿ ಒಂದು ದಿನ ಅವನು ರಾಣೆಬೆನ್ನೂರಿಗೆ ಬಂದ. ತುಟಿ ಒಡೆದಿತ್ತು, ಅಂಗಿ ಹರಿದಿತ್ತು, ಕಣ್ಣ ಕೆಳಗೆ ಊದಿತ್ತು. ಹಮಾಲರೆಲ್ಲ ಚಹಾಕ್ಕೆ ಕುಳಿತಿದ್ದಾಗ ಅವನು ಅಂಗಿ ಬಿಚ್ಚಿ ಎದೆಯ ಹೊಲಿಗೆ ತೋರಿಸಿ, ತನ್ನ ಅಣ್ಣಂದಿರು ಸತ್ತದ್ದು ಯಾವುದರಿಂದ, ಅತ್ತಿಗೆಗೆ ಮಾಡಿದ್ದು ಏನು ಎಂದು ಮೊದಲಿನಿಂದ ಹೇಳಿದನಂತೆ. ದೊಡ್ಡಪ್ಪನ ಗ್ಯಾಂಗಿನ ಹಳಬನೊಬ್ಬ ನಕ್ಕು, ‘ನಿನಗೂ ಆಕಿನ ಏನರ ತಿನ್ನಿಸ್ಯಾಳ, ಅದಕ್ಕ ಆಕಿ ಕಡೆ ಮಾತಾಡಾಕತ್ತೀದಿ’ ಎಂದ. ಕಾಕಾ ಅವನ ಮೂಗಿಗೆ ಹೊಡೆದ. ಆಮೇಲೆ ನಾಲ್ಕು ಜನ ಸೇರಿ ಕಾಕಾನನ್ನು ಚೀಲಗಳ ಮೇಲೆ ಕೆಡವಿ ಬಡಿದರು.

ಅವ್ವ ಬಿಸಿನೀರಿನಲ್ಲಿ ಅರಿವೆ ಅದ್ದಿ ಅವನ ತುಟಿ ಒರೆಸಿದಳು. ‘ಹೊಲಗಿ ಬಿಚ್ಚಿದ್ರ ಏನ್ ಮಾಡತಿದ್ದಿ? ಸಣ್ಣ ಮಗಾ ಅದಾನ ಮನಿಯಾಗ’ ಎಂದು ಬೈದಳು. ಆಮೇಲೆ ಅರಿವೆ ಹಿಂಡುತ್ತ, ಅವನ ಮುಖ ನೋಡದೆ ಕೇಳಿದಳು.

‘ಹೊಡಿಯೂದಕ್ಕಿಂತ ಮೊದಲ ಪೂರಾ ಹೇಳಿದ್ದಿಯೇನು?’

‘ಪೂರಾ ಹೇಳಿದ್ದೆ ವೈನಿ.’

‘ಎಷ್ಟು ಮಂದಿ ಇದ್ರು?’

‘ಅರ್ಧಾ ಮಾರ್ಕೆಟ್ ಇತ್ತು.’

ಅವ್ವ ಅರಿವೆಯನ್ನು ಮತ್ತೆ ನೀರಿಗೆ ಅದ್ದಿದಳು. ‘ಬಾಯಿ ತೆರಿ, ಹಲ್ಲು ನೋಡತೇನಿ’ ಎಂದಳು.